ಹಗ್ಗ ಕಿತ್ತುಕೊಂಡು ಹೋದ ದನವನ್ನು ಮನೆಗೆ ತರುವುದು ಹೇಗೆ

ಬೆಳಗಿನ ಜಾವ ಹಾಲು ಕರೆಯೋಕೆ ಅಂತ ಕೊಟ್ಟಿಗೆಗೆ ಹೋಗುತ್ತೀರಿ. ಐದು ರಾಸು ಇರಬೇಕಾದ ಕಡೆ ನಾಲ್ಕೇ ಇವೆ. ಐದನೇ ಗೂಟದಲ್ಲಿ ಒಂದು ಮೊಳ ಹಗ್ಗ ಮಾತ್ರ ನೇತಾಡುತ್ತಿದೆ. ಕೈಗೆ ಸಿಕ್ಕ ಕೋಲು ತಗೊಂಡು ಹೊರಗೆ ಓಡೋಣ ಅನ್ನಿಸುತ್ತದೆ. ದಯವಿಟ್ಟು ಓಡಬೇಡಿ. ಎರಡು ನಿಮಿಷ ಅಲ್ಲೇ ನಿಂತು ಗೂಟದ ಹಗ್ಗ ನೋಡಿ.

ನಮ್ಮದು ತಿಪಟೂರು ಕಡೆಯ ಊರು. ಒಂದಿಷ್ಟು ತೆಂಗಿನ ತೋಟ, ಮೂರು ಎಕರೆ ರಾಗಿ ಹೊಲ, ಎರಡು ಸೀಮೆ ಹಸು, ಒಂದು ನಾಟಿ ಹಸು, ಒಂದು ಜೋಡಿ ಹಳ್ಳಿಕಾರ್ ಎತ್ತು, ಹತ್ತು ಹನ್ನೆರಡು ಮೇಕೆ. ದನ ಬಿಚ್ಚಿಕೊಂಡು ಹೋಗುವುದು ನಮ್ಮ ಮನೆಯಲ್ಲಿ ವರ್ಷಕ್ಕೆ ಮೂರ್ನಾಲ್ಕು ಸಲ ಆಗುತ್ತದೆ, ದನ ಕಟ್ಟಿದ ಯಾವ ಮನೆಯಲ್ಲೂ ಆಗದೇ ಇರುವುದಿಲ್ಲ. ನಮ್ಮ ತಂದೆ ಹೇಳಿಕೊಟ್ಟಿದ್ದು, ಪಶು ವೈದ್ಯರು ತಿದ್ದಿದ್ದು, ಹಸುವೇ ಕಲಿಸಿದ್ದು ಎಲ್ಲ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಹಗ್ಗದ ತುದಿ ನೋಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. ಎಳೆಗಳು ಬಿರಿದು ಪೊರಕೆಯ ಹಾಗೆ ಚದುರಿದ್ದರೆ ಹಸು ಎಳೆದು ಕಿತ್ತಿದೆ, ಅಂದರೆ ಏನೋ ಹೆದರಿಸಿದೆ ಅಥವಾ ಏನೋ ಬಲವಾಗಿ ಕರೆದಿದೆ. ಅಂಥ ಹಸು ದೂರ ಹೋಗಿರಬಹುದು. ಹಗ್ಗ ಪೂರ್ತಿ ಗೂಟದಲ್ಲೇ ಇದ್ದು ಗಂಟು ಮಾತ್ರ ಬಿಚ್ಚಿದ್ದರೆ ಅದು ಆರಾಮಾಗಿ ನಡೆದು ಹೋಗಿದೆ, ಹತ್ತಿರದಲ್ಲೇ ಎಲ್ಲೋ ಮೇಯುತ್ತಾ ಇರುತ್ತದೆ. ಗೂಟವೇ ಕಿತ್ತು ಬಂದಿದ್ದರೆ ಅದನ್ನು ಹಗ್ಗದ ತುದಿಯಲ್ಲಿ ಎಳೆದುಕೊಂಡು ಹೋಗಿರುತ್ತದೆ. ಆ ಗೂಟ ಬೇಲಿಗೋ ಮರದ ಬೇರಿಗೋ ಸಿಕ್ಕಿ ಹಸು ಅಲ್ಲಾಡದೆ ನಿಂತಿರುತ್ತದೆ, ಕೆಲವೊಮ್ಮೆ ಹಗ್ಗ ಸುತ್ತಿಕೊಂಡು ಬಿದ್ದಿರುತ್ತದೆ. ಅದೊಂದು ಸಂದರ್ಭದಲ್ಲಿ ತಡ ಮಾಡಬಾರದು.

ಹೊರಡುವ ಮುಂಚೆ ಉಳಿದ ರಾಸುಗಳ ಗಂಟನ್ನೆಲ್ಲ ಒಂದು ಸಲ ಮುಟ್ಟಿ ನೋಡಿ. ಒಂದನ್ನು ಹುಡುಕೋಕೆ ಹೋದಾಗ ಇನ್ನೊಂದು ಬಿಚ್ಚಿಕೊಂಡರೆ ಮನೆಯಲ್ಲಿ ಹಿಡಿಯೋರು ಇರುವುದಿಲ್ಲ. ಕರು ಇದ್ದರೆ ಕಟ್ಟೇ ಇರಲಿ, ಆಮೇಲೆ ಬೇಕಾಗುತ್ತದೆ. ಕೈಯಲ್ಲಿ ತಗೊಂಡು ಹೋಗಬೇಕಾದ್ದು ಮೂರೇ. ದಿನಾ ಹಿಂಡಿ ಬೂಸಾ ಕಲಸಿ ಕೊಡುವ ಅದೇ ಬಕೆಟ್‌, ಅದರಲ್ಲಿ ಎರಡು ಹಿಡಿ ಬೂಸಾ. ಹತ್ತು ಮೊಳದ ಗಟ್ಟಿ ಹಗ್ಗ. ಚಾರ್ಜ್ ಇರುವ ಫೋನ್. ಕತ್ತಲಿದ್ದರೆ ಟಾರ್ಚ್. ನಾಯಿಯನ್ನು ಕಟ್ಟಿಹಾಕಿ ಹೋಗಿ.

ಎಲ್ಲಿ ಹುಡುಕೋದು

ದನ ಸುಮ್ನೆ ದಿಕ್ಕಾಪಾಲಾಗಿ ಹೋಗುವುದಿಲ್ಲ. ಅದಕ್ಕೊಂದು ಗುರಿ ಇರುತ್ತದೆ. ಅದೇನು ಅಂತ ಯೋಚನೆ ಮಾಡಿದರೆ ಅರ್ಧ ಹುಡುಕಾಟ ಉಳಿಯುತ್ತದೆ.

ಹಸಿದಿದ್ದರೆ ಹೋದ ಸಲ ಎಲ್ಲಿ ಹಸಿರು ಸಿಕ್ಕಿತ್ತೋ ಅಲ್ಲಿಗೇ ಹೋಗುತ್ತದೆ. ದನಕ್ಕೆ ಜಾಗದ ನೆನಪು ಚೆನ್ನಾಗಿರುತ್ತದೆ, ಒಂದು ಸಲ ರಾಗಿ ತೆನೆಯ ರುಚಿ ನೋಡಿದ ಹಸು ಆ ಬದುವನ್ನು ಮರೆಯುವುದಿಲ್ಲ. ಬೇಸಿಗೆಯಲ್ಲಾದರೆ ನೀರಿನ ಕಡೆ ಹೋಗಿರುತ್ತದೆ, ಕೆರೆಗೋ ಬೋರ್‌ವೆಲ್ ತೊಟ್ಟಿಗೋ. ಬೆದೆಗೆ ಬಂದಿದ್ದರೆ ಊರ ಗೂಳಿಯೋ ಬೇರೆಯವರ ಎತ್ತೋ ಇರುವ ಕಡೆ. ಹಿಂದಿನ ದಿನ ಜಾಸ್ತಿ ಕೂಗಾಡಿತ್ತಾ, ಹಾಲು ಕಮ್ಮಿ ಕೊಟ್ಟಿತ್ತಾ, ಬಾಲದ ಹತ್ತಿರ ಲೋಳೆ ಇತ್ತಾ ಅಂತ ಮನೆಯಲ್ಲಿ ಹಾಲು ಕರೆಯುವವರನ್ನು ಕೇಳಿ. ಕರು ಮಾರಿ ಎರಡು ದಿನ ಆಗಿದ್ದರೆ ಕರು ಹೋದ ದಾರಿ ಹಿಡಿದಿರುತ್ತದೆ.

ಹೊಸದಾಗಿ ತಂದ ಹಸುವಾದರೆ ಮೊದಲು ಹಳೇ ಮನೆಗೆ ಫೋನ್ ಮಾಡಿ. ನಾವು ಒಂದು ನಾಟಿ ಹಸು ತಂದು ಆರನೇ ದಿನಕ್ಕೆ ಅದು ಕಾಣೆಯಾಯಿತು. ಊರೆಲ್ಲ ಹುಡುಕಿದೆವು. ಮಧ್ಯಾಹ್ನದ ಹೊತ್ತಿಗೆ ಮಾರಿದವರೇ ಫೋನ್ ಮಾಡಿದರು, ಅವರ ಮನೆ ಮುಂದಿನ ಹುಣಸೇಮರದ ಕೆಳಗೆ ನಿಂತಿದೆ ಅಂತ. ಆಟೋದಲ್ಲಿ ತಂದ ದಾರಿಯನ್ನು ಅದು ಹೇಗೆ ಕಂಡುಹಿಡಿಯಿತೋ. ಅವತ್ತಿನಿಂದ ಹೊಸ ರಾಸು ಬಂದರೆ ಕನಿಷ್ಠ 3 ವಾರ ಎರಡು ಹಗ್ಗದಲ್ಲಿ, ಹಳೇ ಹಸುವಿನ ಪಕ್ಕದಲ್ಲಿ ಕಟ್ಟುತ್ತೇವೆ.

ನೆಲವನ್ನೂ ನೋಡಿ. ಗೊರಸಿನ ಎರಡು ಸೀಳು ಚೂಪಾಗಿ ಸೇರುವ ತುದಿ ಯಾವ ಕಡೆಗಿದೆಯೋ ಆ ಕಡೆಗೆ ಹೋಗಿದೆ. ಸಗಣಿ ಸಿಕ್ಕರೆ ಮುಟ್ಟಿ ನೋಡಲು ಹೇಸಬೇಡಿ. ಬೆಚ್ಚಗಿದ್ದರೆ ಹತ್ತಿರದಲ್ಲೇ ಇದೆ. ಮೇಲೆ ಪೊರೆ ಕಟ್ಟಿ ತಣ್ಣಗಾಗಿದ್ದರೆ ಹೊತ್ತಾಗಿದೆ. ಊರಿನ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿ. ಹಾಲಿನ ಡೇರಿಗೆ ಬೆಳಿಗ್ಗೆ ಬರುವವರಿಗೆ ಹೇಳಿ, ಊರಿನ ನಾಲ್ಕೂ ದಿಕ್ಕಿನಿಂದ ಅಲ್ಲಿಗೆ ಜನ ಬರುತ್ತಾರೆ.

ಕಂಡ ಮೇಲೆ ಏನು ಮಾಡಬೇಕು

ಈ ಭಾಗವನ್ನು ನಿಧಾನವಾಗಿ ಓದಿ. ಜಾಸ್ತಿ ಕೆಡುವುದು ಇಲ್ಲೇ.

ಹಸುವಿನ ಕಣ್ಣು ತಲೆಯ ಎರಡೂ ಪಕ್ಕಕ್ಕೆ ಇವೆ. ಹಾಗಾಗಿ ಅದಕ್ಕೆ ಸುತ್ತಲೂ ಹೆಚ್ಚುಕಮ್ಮಿ ಎಲ್ಲವೂ ಕಾಣುತ್ತದೆ, ಬಾಲದ ನೇರ ಹಿಂದೆ ಮಾತ್ರ ಕಾಣುವುದಿಲ್ಲ. ನೀವು ಅದರ ಹಿಂದಿನಿಂದ ಸದ್ದಿಲ್ಲದೆ ಹೋದರೆ ಅದಕ್ಕೆ ಗಾಬರಿ. ಒದೆಯುತ್ತದೆ, ಇಲ್ಲವೇ ಓಡುತ್ತದೆ. ಪಕ್ಕದಿಂದ, ಕಾಣುವ ಹಾಗೆ, ದಿನಾ ಕರೆಯುವ ಹೆಸರಿನಲ್ಲಿ ಮೆಲ್ಲಗೆ ಮಾತಾಡಿಸುತ್ತಾ ಹೋಗಿ.

ಪ್ರತಿ ಹಸುವಿನ ಸುತ್ತಲೂ ಒಂದು ಗೆರೆ ಇದೆ ಅಂದುಕೊಳ್ಳಿ. ಅದರಾಚೆ ನೀವಿದ್ದರೆ ಹಸು ತಲೆ ಎತ್ತಿ ನೋಡುತ್ತದೆ ಅಷ್ಟೇ. ಗೆರೆ ದಾಟಿ ಒಳಗೆ ಹೋದರೆ ಅದು ಅಷ್ಟು ದೂರ ಸರಿಯುತ್ತದೆ. ದಿನಾ ಕೈಯಲ್ಲಿ ಮೇವು ತಿನ್ನುವ ಸೀಮೆ ಹಸುವಿಗೆ ಆ ಗೆರೆ ಇಲ್ಲವೇ ಇಲ್ಲ ಅನ್ನಬಹುದು. ಬಯಲಲ್ಲಿ ಬೆಳೆದ ನಾಟಿ ಕಡಸಿಗೆ ಹತ್ತು ಹನ್ನೆರಡು ಮಾರು ದೂರ. ಹೆದರಿದ ಹಸುವಿಗೆ ಇನ್ನೂ ದೂರ. ಆ ಗೆರೆಯ ಅಂಚಿನಲ್ಲಿ ನಿಂತು ಕೆಲಸ ಮಾಡಬೇಕು. ಒಂದು ಹೆಜ್ಜೆ ಒಳಗಿಟ್ಟರೆ ಹಸು ಹೊರಡುತ್ತದೆ. ಹೊರಟ ತಕ್ಷಣ ನೀವು ಒಂದು ಹೆಜ್ಜೆ ಹಿಂದೆ ಬನ್ನಿ. ಸರಿಯಾದ ಕಡೆಗೆ ನಡೆದಿದ್ದಕ್ಕೆ ಅದಕ್ಕೆ ಸಿಗುವ ಬಹುಮಾನ ಅದೇ. ನೀವು ಒತ್ತುತ್ತಲೇ ಹೋದರೆ ನಡಿಗೆ ಓಟ ಆಗುತ್ತದೆ, ಓಡುವ ಹಸುವಿನ ಜೊತೆ ಯಾರ ಕಾಲೂ ಓಡಲ್ಲ.

ಇನ್ನೊಂದು ವಿಷಯ ಹಸುವಿನ ಭುಜ. ಭುಜಕ್ಕಿಂತ ಹಿಂದೆ, ಪಕ್ಕೆಯ ನೇರಕ್ಕೆ ನಿಂತು ಹತ್ತಿರ ಹೋದರೆ ಮುಂದಕ್ಕೆ ನಡೆಯುತ್ತದೆ. ಭುಜದಿಂದ ಮುಂದೆ, ಕಣ್ಣಿನ ನೇರಕ್ಕೆ ಬಂದರೆ ನಿಲ್ಲುತ್ತದೆ ಅಥವಾ ತಿರುಗುತ್ತದೆ. ಇದನ್ನು ನಿಮ್ಮ ಕೊಟ್ಟಿಗೆ ಅಂಗಳದಲ್ಲೇ ಒಂದು ಸಲ ಮಾಡಿ ನೋಡಿ. ಮಕ್ಕಳಿಗೂ ಹೇಳಿಕೊಡಿ. ನಮ್ಮ ಮನೆಯ ಹನ್ನೆರಡು ವರ್ಷದ ಹುಡುಗಿ ಕೋಲಿಲ್ಲದೆ ಎರಡು ಸೀಮೆ ಹಸುವನ್ನು ತೋಟದಿಂದ ಕೊಟ್ಟಿಗೆಗೆ ತರುತ್ತಾಳೆ, ಬರೀ ಎರಡು ಹೆಜ್ಜೆ ಆ ಕಡೆ ಈ ಕಡೆ ಇಟ್ಟು.

ಮೊದಲ ಪ್ರಯತ್ನ ಬಕೆಟ್ಟೇ. ಹಸುವಿಗೆ ಕಾಣುವ ಕಡೆ ನಿಂತು ಬಕೆಟ್‌ ಹಿಡಿಯನ್ನು ಕಟಕಟ ಅನ್ನಿಸಿ. ಸಂಜೆ ಹಾಲು ಕರೆಯುವ ಹೊತ್ತಲ್ಲಿ ಏನು ಸದ್ದು ಮಾಡುತ್ತೀರೋ ಅದೇ ಸದ್ದು. ಅದು ನಿಮ್ಮ ಕಡೆ ಬಂದರೆ ಮೂತಿ ಬಕೆಟ್‌ಗೆ ಹಾಕುವವರೆಗೂ ಕೈ ಹಾಕಬೇಡಿ. ಎರಡು ಬಾಯಿ ತಿನ್ನಲಿ. ಆಮೇಲೆ ಕತ್ತು ಸವರಿ, ನಿಧಾನಕ್ಕೆ ಕಣ್ಣಿ, ಅಂದರೆ ಕತ್ತಿನ ಹಗ್ಗ, ಹಿಡಿಯಿರಿ. ತಿನ್ನೋಕೆ ಬಿಡದೆ ಮೋಸ ಮಾಡಿ ಹಿಡಿದರೆ ಮುಂದಿನ ಸಲ ಬಕೆಟ್‌ಗೆ ಬರುವುದಿಲ್ಲ.

ಬಕೆಟ್‌ಗೆ ಬರಲಿಲ್ಲ ಅಂದರೆ ಇನ್ನೊಂದು ಹಸುವನ್ನು, ಮುಖ್ಯವಾಗಿ ಹಿಂಡಿನ ಹಿರಿಯ ಹಸುವನ್ನು, ಹಗ್ಗದಲ್ಲಿ ಹಿಡಿದು ಅಲ್ಲಿಗೆ ತನ್ನಿ. ಐದು ನಿಮಿಷ ಜೊತೆಯಲ್ಲಿ ಮೇಯಲು ಬಿಟ್ಟು ಹಿರಿಯದನ್ನು ಮನೆ ಕಡೆ ನಡೆಸಿ. ಹೋದದ್ದು ಹಿಂದೆಯೇ ಬರುತ್ತದೆ. ದನಕ್ಕೆ ಒಂಟಿಯಾಗಿರುವುದು ಅಂದರೆ ಭಯ. ಕರು ಇರುವ ಹಸುವಾದರೆ ಕರುವನ್ನು ತಂದು ದೂರದಿಂದ ತೋರಿಸಿ, ಅದು ಒಂದು ಸಲ ಕೂಗಿದರೆ ಸಾಕು.

ಬೆಳೆಯೊಳಗೆ ಇದ್ದಾಗ ಎಲ್ಲರಿಗೂ ಆತುರ. ಹೊಲದವರು ಅಲ್ಲೇ ನಿಂತು ಕೂಗುತ್ತಿರುತ್ತಾರೆ. ಆದರೂ ನಾಲ್ಕು ಜನ ರಾಗಿಯೊಳಗೆ ನುಗ್ಗಬೇಡಿ. ಒಂದು ಹಸು ಮೇದದ್ದಕ್ಕಿಂತ ನಾಲ್ಕು ಜನ, ಓಡುವ ಹಸು ಸೇರಿ ತುಳಿದದ್ದೇ ಜಾಸ್ತಿ ಆಗುತ್ತದೆ. ಒಬ್ಬರು ಬದುವಿನ ಮೇಲೆ ಸುತ್ತಿ ಆಚೆ ಬದಿಗೆ ಹೋಗಲಿ. ಇನ್ನೊಬ್ಬರು ಹೊರಬರುವ ದಾರಿಯಿಂದ ಪಕ್ಕಕ್ಕೆ ಸರಿದು ನಿಲ್ಲಲಿ. ದಾರಿಯ ಬಾಯಲ್ಲೇ ಕೈ ಅಗಲಿಸಿ ನಿಂತುಬಿಟ್ಟರೆ ಹಸು ಎಲ್ಲಿಂದ ಹೊರಬರಬೇಕು? ಹಸು ಯಾವ ಸಂದಿಯಿಂದ ನುಗ್ಗಿತೋ ಅಲ್ಲಿಂದಲೇ ಹೊರಗೆ ಬರಲು ನೋಡುತ್ತದೆ, ಆ ಸಂದಿ ಖಾಲಿ ಇರಲಿ.

ಹಗ್ಗದ ಬಗ್ಗೆ ಒಂದು ಮಾತು, ದಯವಿಟ್ಟು ಮರೆಯಬೇಡಿ. ಹಗ್ಗವನ್ನು ಯಾವತ್ತೂ ಅಂಗೈಗೆ, ಮಣಿಕಟ್ಟಿಗೆ, ಸೊಂಟಕ್ಕೆ ಸುತ್ತಿಕೊಳ್ಳಬಾರದು. ನಮ್ಮ ಚಿಕ್ಕಪ್ಪ ಎತ್ತಿನ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿ ಹಿಡಿದಿದ್ದರು. ಹಿಂದಿನಿಂದ ಒಂದು ಟ್ರ್ಯಾಕ್ಟರ್ ಹಾರನ್ ಹೊಡೆಯಿತು. ಎತ್ತು ಜಿಗಿದದ್ದು ಒಂದೇ ಜಿಗಿತ. ನೈಲಾನ್ ಹಗ್ಗ ಚರ್ಮ ಸುಲಿದುಕೊಂಡು ಬೆರಳಿನ ಗೆಣ್ಣಿನವರೆಗೂ ಹೋಗಿತ್ತು, ಅಂಗೈ ಮೇಲೆ ಹಗ್ಗದ ಹೊಸೆತದ ಗುರುತೇ ಅಚ್ಚೊತ್ತಿತ್ತು. ಆ ತೋರುಬೆರಳು ಇವತ್ತಿಗೂ ಪೂರ್ತಿ ಮಡಚುವುದಿಲ್ಲ. ಸೀಮೆ ಹಸು ಅಂದರೆ 400-500 ಕೆ.ಜಿ. ತೂಕ, ಎಳೆದಾಟದಲ್ಲಿ ನಾವು ಗೆಲ್ಲುವುದಿಲ್ಲ. ಹಗ್ಗವನ್ನು ಮಡಿಕೆ ಮಾಡಿ ಮುಷ್ಟಿಯಲ್ಲಿ ಹಿಡಿಯಿರಿ, ಎಳೆದರೆ ಬಿಟ್ಟುಬಿಡಿ. ಹತ್ತಿರ ಮರ ಇದ್ದರೆ ಅದಕ್ಕೆ ಒಂದು ಸುತ್ತು ಹಾಕಿ, ಎಳೆತವನ್ನು ಮರ ತಡೆಯುತ್ತದೆ.

ಗೂಳಿಯೋ, ಈಗ ತಾನೇ ಕರು ಹಾಕಿದ ಹಸುವೋ ಆಗಿದ್ದರೆ ಲೆಕ್ಕ ಬೇರೆ. ತಲೆ ತಗ್ಗಿಸಿ, ಪಕ್ಕೆ ತೋರಿಸಿಕೊಂಡು ಅಡ್ಡ ನಿಂತು, ಮುಂಗಾಲಲ್ಲಿ ಮಣ್ಣು ಕೆದರಿ ಬುಸುಗುಟ್ಟಿದರೆ ಅದು ಎಚ್ಚರಿಕೆ ಕೊಡುತ್ತಿದೆ ಅಂತ ಅರ್ಥ. ಬೆನ್ನು ತೋರಿಸಿ ಓಡಬೇಡಿ. ಅದರ ಮೇಲೆ ಕಣ್ಣಿಟ್ಟು ಪಕ್ಕಕ್ಕೆ, ಹಿಂದಕ್ಕೆ ಸರಿಯಿರಿ, ಮರವೋ ಗಾಡಿಯೋ ನಡುವೆ ಬರುವ ಹಾಗೆ. ಅಂಥದ್ದನ್ನು ಒಬ್ಬರೇ ಹಿಡಿಯುವ ಸಾಹಸ ಬೇಡವೇ ಬೇಡ.

ಮೇಕೆ ಕುರಿಯ ವಿಷಯ ಸುಲಭ. ಕುರಿಯಲ್ಲಿ ಮುಂದಿನದೊಂದು ತಿರುಗಿದರೆ ಮಂದೆಯೇ ತಿರುಗುತ್ತದೆ. ಮೇಕೆಗೆ ಹಲಸಿನ ಸೊಪ್ಪೋ ಸುಬಾಬುಲ್ ಸೊಪ್ಪೋ ಒಂದು ಕಂತೆ ಹಿಡಿದು ಮುಂದೆ ನಡೆದರೆ ಆಯಿತು.

ರಾತ್ರಿ, ರಸ್ತೆ, ರೈಲು, ಬಾವಿ

ರಾತ್ರಿ ಹುಡುಕುವಾಗ ಟಾರ್ಚನ್ನು ಎದೆ ಮಟ್ಟದಲ್ಲಿ ಹಿಡಿದು ನಿಧಾನಕ್ಕೆ ತಿರುಗಿಸಿ, ಕಣ್ಣು ಹೊಳೆಯುತ್ತದೆ. ಕಂಡ ಮೇಲೆ ಬೆಳಕನ್ನು ನೆಲಕ್ಕೆ ಇಳಿಸಿ, ಮುಖಕ್ಕೆ ಬಿಟ್ಟರೆ ಕಣ್ಣು ಕುಕ್ಕಿ ನುಗ್ಗುತ್ತದೆ. ತುಮಕೂರು, ಹಾಸನ, ಮಂಡ್ಯ ಕಡೆ ಈಗ ಚಿರತೆ ಓಡಾಟ ಇದೆ. ಒಬ್ಬರೇ ಹೋಗಬೇಡಿ, ಜೋರಾಗಿ ಮಾತಾಡಿಕೊಂಡು ಹೋಗಿ. ಚಿರತೆಯ ಅನುಮಾನ ಇದ್ದರೆ ಬೆಳಗಾಗುವ ತನಕ ಕಾಯುವುದೇ ಸರಿ. ಹಸುವಿನ ಮೇಲೆ ನನಗೂ ಪ್ರೀತಿ ಇದೆ, ಆದರೆ ಮನೆಯವರ ಜೀವ ಮೊದಲು.

ರಸ್ತೆಗೆ ಹೋಗಿದ್ದರೆ ಹಸುವಿನ ಹತ್ತಿರ ಹೋಗುವ ಮುಂಚೆ ವಾಹನ ನಿಲ್ಲಿಸಿ. ಎರಡೂ ಕಡೆ ನೂರು ಹೆಜ್ಜೆ ಆಚೆ ಒಬ್ಬೊಬ್ಬರು ನಿಂತು ಟಾರ್ಚೋ ಬಿಳಿ ಬಟ್ಟೆಯೋ ಬೀಸಬೇಕು. ಹಸುವನ್ನು ಗದರಿಸಿದರೆ ಅದು ಯಾವ ಕಡೆ ಹಾರುತ್ತದೋ ಗೊತ್ತಿಲ್ಲ, ಬೈಕಿನವರು ಬಂದು ಗುದ್ದಿದರೆ ಎರಡೂ ಜೀವಕ್ಕೆ ಅಪಾಯ. ರಾಷ್ಟ್ರೀಯ ಹೆದ್ದಾರಿಯಲ್ಲಾದರೆ 1033ಕ್ಕೆ, ಯಾವ ರಸ್ತೆಯಲ್ಲಾದರೂ 112ಕ್ಕೆ ಫೋನ್ ಮಾಡಬಹುದು. ನಮ್ಮ ಕಡೆ ಬೆಂಗಳೂರು-ಅರಸೀಕೆರೆ ರೈಲು ಮಾರ್ಗ ಹೊಲಗಳ ಮಗ್ಗುಲಲ್ಲೇ ಹೋಗುತ್ತದೆ. ಹಳಿ ಮೇಲೆ ಸಿಕ್ಕ ದನ ಪಕ್ಕಕ್ಕೆ ಇಳಿಯುವುದು ಬಿಟ್ಟು ಹಳಿಯುದ್ದಕ್ಕೂ ಓಡುತ್ತದೆ, ಯಾಕೆಂದರೆ ಎರಡೂ ಬದಿ ಜಲ್ಲಿ ಇಳಿಜಾರು. ನೀವು ಹಳಿ ಮೇಲೆ ಹಿಂದೆ ಓಡಬೇಡಿ. 139ಕ್ಕೆ ಹೇಳಿ, ಹತ್ತಿರದ ನಿಲ್ದಾಣಕ್ಕೆ ಒಬ್ಬರನ್ನು ಓಡಿಸಿ.

ಹಾಳುಬಾವಿಗೆ ಬಿದ್ದಿದ್ದರೆ ಮೂಗುದಾರ ಹಿಡಿದು ಎಳೆಯಲೇಬೇಡಿ, ಮೂಗು ಹರಿದುಹೋಗುತ್ತದೆ. ಕತ್ತಿನ ಹಗ್ಗವೂ ಉಸಿರು ಕಟ್ಟಿಸುತ್ತದೆ. ಅಗ್ನಿಶಾಮಕದವರನ್ನು ಕರೆಯಿರಿ, 101 ಅಥವಾ 112. ಹೊಟ್ಟೆಯ ಕೆಳಗೆ ಅಗಲವಾದ ಪಟ್ಟಿ ಹಾಕಿ ಎತ್ತುತ್ತಾರೆ. ಅಲ್ಲಿಯವರೆಗೂ ಮೇಲಿನಿಂದ ಜನ ಇಣುಕಿ ಕಿರುಚದ ಹಾಗೆ ನೋಡಿಕೊಳ್ಳಿ.

ಮನೆಗೆ ಬಂದ ಮೇಲೆ

ಬಂತಲ್ಲ ಸದ್ಯ ಅಂತ ಕಟ್ಟಿ ಒಳಗೆ ಹೋಗಿ ಮಲಗಬೇಡಿ. ಹಸು ಸಾಯುವುದು ಕೆಲವೊಮ್ಮೆ ವಾಪಸ್ ಬಂದ ಮೇಲೆ. ಏನು ತಿಂದಿದೆ ಅನ್ನುವುದೇ ಈಗಿನ ಪ್ರಶ್ನೆ.

ಕಣದಲ್ಲಿ ರಾಗಿ ರಾಶಿಗೋ, ಭತ್ತ, ಜೋಳದ ಮೂಟೆಗೋ ಬಾಯಿ ಹಾಕಿ ಹೊಟ್ಟೆ ತುಂಬ ಕಾಳು ತಿಂದಿದ್ದರೆ ಅದು ತುರ್ತು. ಆ ಕ್ಷಣಕ್ಕೆ ಹಸು ಚೆನ್ನಾಗಿಯೇ ಇರುತ್ತದೆ. ಒಳಗೆ ಕಾಳು ಹುಳಿಯುತ್ತಾ ಹೋಗುತ್ತದೆ. ಮಾರನೇ ದಿನದ ಹೊತ್ತಿಗೆ ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ, ತೂರಾಡುವುದು, ಆಮೇಲೆ ಮಲಗಿದ್ದು ಏಳುವುದಿಲ್ಲ. ಲಕ್ಷಣ ಕಾಣುವವರೆಗೂ ಕಾಯದೆ ಪಶು ವೈದ್ಯರಿಗೆ ಹೇಳಿ. ಅವರು ಬರುವವರೆಗೂ ಹಿಂಡಿ ಬೂಸಾ ಕೊಡಬೇಡಿ, ಒಣ ಹುಲ್ಲು ಮಾತ್ರ ಹಾಕಿ.

ಎಳೇ ಜೋಳದ ಪೈರು ಇನ್ನೂ ಕೆಟ್ಟದ್ದು. ಮಳೆಯಿಲ್ಲದೆ ಬಾಡಿದ ಪೈರು, ಕಟಾವಾದ ಮೇಲೆ ಬುಡದಿಂದ ಒಡೆಯುವ ಕೂಳೆ ಚಿಗುರು, ಇವುಗಳಲ್ಲಿ ಸೈನೈಡ್ ವಿಷ ಇರುತ್ತದೆ. ಮರಗೆಣಸಿನ ಸೊಪ್ಪಿನಲ್ಲೂ ಅಷ್ಟೇ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು, ನಡುಕ, ಬಿದ್ದು ಒದ್ದಾಟ. ಇದಕ್ಕೆ ವೈದ್ಯರ ಹತ್ತಿರ ಚುಚ್ಚುಮದ್ದು ಇದೆ, ಆದರೆ ಬೇಗ ಸಿಗಬೇಕು. ಜೋಳದ ಹೊಲಕ್ಕೆ ನುಗ್ಗಿತ್ತು ಅಂತ ಫೋನಿನಲ್ಲೇ ಹೇಳಿ.

ಇಬ್ಬನಿ ನೆನೆದ ಅಲಸಂದೆ, ಹುರುಳಿ, ಕುದುರೆ ಮಸಾಲೆ (ಲೂಸರ್ನ್ ಮೇವು) ಸೊಪ್ಪನ್ನು ಗಬಗಬ ತಿಂದರೆ ಹೊಟ್ಟೆ ಉಬ್ಬರ. ಹಸುವಿನ ಎಡಪಕ್ಕೆಯ ಮೇಲೆ, ಸೊಂಟದ ಮೂಳೆಯ ಮುಂದೆ ಒಂದು ಗುಳಿ ಇರುತ್ತದಲ್ಲ, ಅದು ತುಂಬಿಕೊಂಡು ಬೆನ್ನಿಗಿಂತ ಮೇಲೆ ಬರುತ್ತದೆ. ಬೆರಳಲ್ಲಿ ತಟ್ಟಿದರೆ ತಮಟೆ ಸದ್ದು. ಮಲಗಲು ಬಿಡಬೇಡಿ. ಮುಂಗಾಲು ಎತ್ತರದಲ್ಲಿ ಬರುವ ಹಾಗೆ ದಿಬ್ಬದ ಮೇಲೆ ನಿಲ್ಲಿಸಿ, ಮೆಲ್ಲಗೆ ನಡೆಸಿ. ಉಬ್ಬರಕ್ಕೆ ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಎಣ್ಣೆ ಹಾಕುವವರು ಹಸುವಿನ ನಾಲಿಗೆ ಎಳೆದು ಹಿಡಿದು ಸುರಿಯುತ್ತಾರೆ. ಹಾಗೆ ಮಾಡಿದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ. ವೈದ್ಯರು ಹೇಳಿದಷ್ಟೇ ಕೊಡಿ, ನಾಲಿಗೆ ಬಿಟ್ಟು, ನುಂಗಲು ಸಮಯ ಕೊಟ್ಟು.

ಔಷಧ ಹೊಡೆದ ಹೊಲಕ್ಕೆ ಹೋಗಿತ್ತಾ? ನಾಚಿಕೆ ಬಿಟ್ಟು ಹೊಲದವರನ್ನು ಕೇಳಿ, ಯಾವ ಔಷಧ, ಯಾವತ್ತು ಹೊಡೆದಿದ್ದು ಅಂತ. ಬಾಟಲಿಯ ಚೀಟಿ ಫೋಟೋ ತೆಗೆದು ವೈದ್ಯರಿಗೆ ಕಳಿಸಿ. ಜೊಲ್ಲು ಸುರಿಯುವುದು, ಮೈ ನಡುಗುವುದು ಕಂಡರೆ ಒಂದು ನಿಮಿಷವೂ ತಡ ಬೇಡ. ಯೂರಿಯಾ ಮೂಟೆ ನೆಕ್ಕಿದ್ದರೂ ಹೀಗೇ, ಬಹಳ ಬೇಗ ಸಾಯುತ್ತದೆ. ಡಾಕ್ಟರ್ ಸಿಗಲಿಲ್ಲ ಅಂದರೆ 1962ಕ್ಕೆ ಫೋನ್ ಮಾಡಿ. ಅದು ಪಶು ಆಂಬ್ಯುಲೆನ್ಸ್ ಸಹಾಯವಾಣಿ, ಉಚಿತ.

ಮೈ ಎಲ್ಲ ಕೈಯಾಡಿಸಿ ನೋಡಿ. ಮುಳ್ಳುತಂತಿ ದಾಟುವಾಗ ಮೊದಲು ಸೀಳುವುದು ಕೆಚ್ಚಲು ಮತ್ತು ಮೊಲೆತೊಟ್ಟು. ಹಾಲು ಕರೆಯುವ ಹೊತ್ತು ಮೀರಿದ್ದರೆ ತಕ್ಷಣ ಕರೆಯಿರಿ, ಕಟ್ಟಿಕೊಂಡ ಹಾಲಿನಿಂದ ಕೆಚ್ಚಲು ಬಾವು ಬರುತ್ತದೆ. ಬೆದೆಯಲ್ಲಿದ್ದ ಹಸುವಾದರೆ ಗೋಡೆ ಕ್ಯಾಲೆಂಡರ್‌ನಲ್ಲಿ ಆ ದಿನ ಗುರುತು ಹಾಕಿ. 21 ದಿನಕ್ಕೆ ಮತ್ತೆ ಬೆದೆಗೆ ಬರಲಿಲ್ಲ ಅಂದರೆ ಎಲ್ಲೋ ಗೂಳಿ ಹಾರಿರಬಹುದು. ಎರಡು ಮೂರು ತಿಂಗಳಿಗೆ ಗಬ್ಬದ ಪರೀಕ್ಷೆ ಮಾಡಿಸಿ. ಇದನ್ನು ಬರೆದಿಡದೆ ಆಮೇಲೆ ಗಬ್ಬ ಕಟ್ಟಿಸೋಕೆ ಇನ್ನೊಂದು ಇಂಜೆಕ್ಷನ್ ಕೊಡಿಸಿ ಇದ್ದ ಗಬ್ಬ ಕಳೆದುಕೊಂಡವರಿದ್ದಾರೆ.

ಬೆಳೆ ತಿಂದ ಹೊಲದವರ ಮನೆಗೆ

ಅವರು ನಿಮ್ಮ ಮನೆಗೆ ಬರುವ ಮುಂಚೆ ನೀವು ಹೋಗಿ. ಅದೇ ದಿನ, ಬೆಳಿಗ್ಗೆಯೇ. ಅವರ ಜೊತೆ ನಿಂತು ನಷ್ಟ ನೋಡಿ, ಇಬ್ಬರೂ ಫೋಟೋ ತೆಗೆದುಕೊಳ್ಳಿ. ಅದೇನು ಮಹಾ, ನಾಲ್ಕು ತೆನೆ ಅಂತ ಮಾತ್ರ ಅನ್ನಬೇಡಿ. ಬಿತ್ತಿ, ಕಳೆ ಕಿತ್ತು, ಹಂದಿ ಕಾದವರಿಗೆ ಆ ನಾಲ್ಕು ತೆನೆಯ ಬೆಲೆ ಗೊತ್ತು. ರಾಗಿಯಾದರೆ ಕಟಾವಿನ ಹೊತ್ತಿಗೆ ಇಷ್ಟು ಸೇರು ಕೊಡುತ್ತೇನೆ ಅಂತ ಒಪ್ಪಿಕೊಳ್ಳುವುದು ನಮ್ಮ ಕಡೆ ರೂಢಿ. ತೆಂಗಿನ ಸಸಿಯಾದರೆ ಹತ್ತಿರ ಹೋಗಿ ಸುಳಿ ನೋಡಬೇಕು. ಗರಿ ಮಾತ್ರ ತಿಂದಿದ್ದರೆ ಚೇತರಿಸಿಕೊಳ್ಳುತ್ತದೆ. ನಡುವಿನ ಸುಳಿಯ ಮೊಳಕೆಯೇ ಹೋಗಿದ್ದರೆ ತೆಂಗು ಬದುಕುವುದಿಲ್ಲ, ಅದಕ್ಕೆ ಬೆಳೆಯುವ ತುದಿ ಇರುವುದೇ ಒಂದು. ಆಗ ಹೊಸ ಸಸಿ ತಂದು ನೀವೇ ನೆಟ್ಟು ಕೊಡಿ.

ಈ ಜಗಳ ಈಗ ಜಾಸ್ತಿಯಾಗಲು ಒಂದು ಕಾರಣವಿದೆ. ನಮ್ಮ ತಾತನ ಕಾಲದಲ್ಲಿ ರಾಗಿ ಕೊಯ್ದು ಮೆದೆ ಒಟ್ಟಿದ ಮೇಲೆ ಬಯಲು ಊರ ದನಕ್ಕೆಲ್ಲ. ಯಾರ ಹೊಲದಲ್ಲಿ ಯಾರ ದನ ಮೇದರೂ ಕೇಳುತ್ತಿರಲಿಲ್ಲ, ಸಗಣಿ ಬೀಳುತ್ತದಲ್ಲ ಅಂತ ಖುಷಿಯೇ. ಈಗ ಬೋರ್‌ವೆಲ್ ಇದೆ, ಮಾರ್ಚ್‌ನಲ್ಲೂ ಪಕ್ಕದ ಹೊಲದಲ್ಲಿ ಟೊಮೆಟೊ ಇರುತ್ತದೆ, ಎಳೇ ಅಡಿಕೆ ಸಸಿ ಇರುತ್ತದೆ. ದನಕ್ಕೆ ಈ ಬದಲಾವಣೆ ಗೊತ್ತಿಲ್ಲ. ಬೇಸಿಗೆಯಲ್ಲೂ ಕಟ್ಟಿ ಮೇಯಿಸುವ ಜವಾಬ್ದಾರಿ ನಮ್ಮದೇ.

ಕಾನೂನೂ ಇದೆ. ಕರ್ನಾಟಕದಲ್ಲಿ 1966ರ ಜಾನುವಾರು ಅತಿಕ್ರಮ ಪ್ರವೇಶ ಕಾಯ್ದೆಯ ಪ್ರಕಾರ ಬೆಳೆ ಮೇದ ದನವನ್ನು ಹಿಡಿದು ದೊಡ್ಡಿಗೆ ಹಾಕಿಸಬಹುದು, ಉತ್ತರ ಕರ್ನಾಟಕದಲ್ಲಿ ಕೊಂಡವಾಡ ಅನ್ನುತ್ತಾರೆ. ದಂಡ ಮತ್ತು ಮೇವಿನ ಖರ್ಚು ಕಟ್ಟಿ ಬಿಡಿಸಿಕೊಳ್ಳಬೇಕು. ಆದರೆ ದನದ ಕಾಲು ಮುರಿಯುವುದು, ಬಿಸಿನೀರು ಎರಚುವುದು ಅಪರಾಧ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. ಬೇರೆಯವರ ದನ ನಿಮ್ಮ ಹೊಲಕ್ಕೆ ಬಂದರೆ ನೆರಳಲ್ಲಿ ಕಟ್ಟಿ ನೀರು ಕೊಡಿ. ಕಿವಿಯಲ್ಲಿ ಹಳದಿ ಓಲೆ ಇದ್ದರೆ ಅದರ 12 ಅಂಕಿಯ ನಂಬರನ್ನು ಪಶು ಆಸ್ಪತ್ರೆಯಲ್ಲಿ ಕೊಟ್ಟರೆ ಯಾರ ದನ ಅಂತ ತಿಳಿಯುತ್ತದೆ. ನಿಮ್ಮ ರಾಸುಗಳಿಗೆ ಓಲೆ ಹಾಕಿಸಿಲ್ಲದಿದ್ದರೆ ಹಾಕಿಸಿ, ನಂಬರ್‌ ಫೋಟೋ ಇಟ್ಟುಕೊಳ್ಳಿ.

ಮತ್ತೆ ಹೋಗದ ಹಾಗೆ

ಯಾಕೆ ಹೋಯಿತು ಅನ್ನುವುದಕ್ಕೆ ಉತ್ತರ ಸಿಗದೆ ಹಗ್ಗ ದಪ್ಪ ಮಾಡಿದರೆ ಉಪಯೋಗವಿಲ್ಲ. ಹಾಲು ಕೊಡುವ ಹಸುವಿಗೆ ದಿನಕ್ಕೆ 50 ಲೀಟರಿಗೂ ಜಾಸ್ತಿ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ಬೆಳಿಗ್ಗೆ ಸಂಜೆ ಒಂದೊಂದು ಬಕೆಟ್ ತೋರಿಸಿದರೆ ಅದು ಕೆರೆ ಹುಡುಕಿಕೊಂಡು ಹೋಗದೆ ಏನು ಮಾಡುತ್ತದೆ ಹೇಳಿ. ರಾತ್ರಿ ಮಲಗುವ ಮುಂಚೆ ಒಂದು ಹೊರೆ ಒಣ ಹುಲ್ಲು ಹಾಕಿ. ಗಣೇಶನ ಹಬ್ಬ, ದೀಪಾವಳಿಯ ಪಟಾಕಿ, ಸಂಕ್ರಾಂತಿಯ ಕಿಚ್ಚು, ಈ ದಿನಗಳಲ್ಲಿ ಹೆದರುವ ರಾಸುಗಳನ್ನು ಸಂಜೆಯೇ ಒಳಗೆ ಕಟ್ಟಿ, ಯಾರಾದರೂ ಜೊತೆಯಲ್ಲಿರಿ.

ಕತ್ತಿನ ಕಣ್ಣಿಗೆ ಜಾರುಗಂಟು ಹಾಕಬೇಡಿ, ಎಳೆದಷ್ಟೂ ಬಿಗಿಯಾಗಿ ಉಸಿರು ಕಟ್ಟುತ್ತದೆ. ಕತ್ತಿನ ಗಂಟು ಜಾರದೆ ನಿಲ್ಲಬೇಕು, ಮೂರು ಬೆರಳು ಒಳಗೆ ಹೋಗುವಷ್ಟು ಸಡಿಲ ಇರಬೇಕು. ಗೂಟದ ಗಂಟು ಮಾತ್ರ ಒಂದೇ ಎಳೆತಕ್ಕೆ ಬಿಚ್ಚುವಂತಿರಲಿ, ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಅದೇ ಜೀವ ಉಳಿಸುತ್ತದೆ. ತುದಿ ಹಸುವಿನ ನಾಲಿಗೆಗೆ ಸಿಗದ ಹಾಗೆ ಹಿಂದಕ್ಕೆ ಸಿಕ್ಕಿಸಿ. ತಡಿಕೆ ಬಾಗಿಲಿನ ಚಿಲಕ ಹೊರಗಡೆ, ಕೆಳಗೆ ಇರಲಿ. ಕೊಂಬಿನಲ್ಲಿ ಚಿಲಕ ಎತ್ತುವುದನ್ನು ಹಸು ಎರಡೇ ದಿನದಲ್ಲಿ ಕಲಿಯುತ್ತದೆ.

ಬೇಲಿಗೆ ನನ್ನ ಮೆಚ್ಚಿಗೆ ಗೊಬ್ಬರದ ಗಿಡ, ಅದೇ ಗ್ಲಿರಿಸೀಡಿಯಾ. ಮುಂಗಾರು ಶುರುವಾದಾಗ ತೋಳು ಗಾತ್ರದ ಕೊಂಬೆಗಳನ್ನು ಒತ್ತೊತ್ತಾಗಿ ನೆಟ್ಟರೆ ಎರಡು ವರ್ಷಕ್ಕೆ ಗಟ್ಟಿ ಬೇಲಿ, ಮೇಲಿಂದ ಸೊಪ್ಪೂ ಸಿಗುತ್ತದೆ. ನಡುವೆ ಕತ್ತಾಳೆ ಹಾಕಿದರೆ ಇನ್ನೂ ಒಳ್ಳೆಯದು. ಕಲ್ಲುಕಂಬಕ್ಕೆ ತಂತಿ ಕಟ್ಟುವವರು ಹಸು ತಲೆ ತೂರಿಸುವ ಎತ್ತರದಲ್ಲಿ ಎಳೆಗಳನ್ನು ಹತ್ತಿರ ಹತ್ತಿರ ಕಟ್ಟಿ. ಸೋಲಾರ್ ಬೇಲಿ ಪರವಾಗಿಲ್ಲ, ಅದರ ಯಂತ್ರ ಬಿಟ್ಟು ಬಿಟ್ಟು ಸಣ್ಣ ಹೊಡೆತ ಕೊಡುತ್ತದೆ, ಜೀವ ಹೋಗುವುದಿಲ್ಲ. ಲೈನಿನಿಂದ ನೇರವಾಗಿ ತಂತಿಗೆ ಕರೆಂಟ್ ಕೊಡುವುದು ಮಾತ್ರ ಕೊಲೆ ಮಾಡಿದ ಹಾಗೆ. ರಾತ್ರಿ ನೀರು ಕಟ್ಟಲು ಹೋದ ಮನೆಯ ಮಗನೇ ಅದಕ್ಕೆ ಸಿಗುತ್ತಾನೆ. ಇದನ್ನು ಯಾರೇ ಮಾಡುತ್ತಿದ್ದರೂ ಇವತ್ತೇ ತೆಗೆಸಿ.

ಕೆಲವು ದನ ತುಡುಗು ಕಲಿತುಬಿಟ್ಟಿರುತ್ತವೆ. ಅವಕ್ಕೆ ಕೊರಳಿಗೆ ಮರದ ದಿಮ್ಮಿ ಕಟ್ಟುವುದು ಹಳೇ ಪದ್ಧತಿ. ನಡೆದಾಗಲೆಲ್ಲ ಮಂಡಿಗೆ ಬಡಿದು ಗಾಯವಾಗುವುದನ್ನು ನೋಡಿದ ಮೇಲೆ ನಾವು ಬಿಟ್ಟೆವು. ಈಗ ದೊಡ್ಡ ಗಂಟೆ ಕಟ್ಟಿದ್ದೇವೆ. ರಾತ್ರಿ ಅದು ಮೆಲುಕು ಹಾಕುವಾಗ ಒಂದು ತರಹ ಸದ್ದು, ಎದ್ದು ನಿಂತರೆ ಇನ್ನೊಂದು ತರಹ, ಅಂಗಳ ದಾಟಿದರೆ ಬೇರೆಯೇ. ನಿದ್ದೆಯಲ್ಲೂ ನಮ್ಮ ಅಮ್ಮನಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಅಂಥ ಹಸುವನ್ನು ಮಾರುವುದಾದರೆ ಕೊಳ್ಳುವವರಿಗೆ ಗುಣ ಹೇಳಿಯೇ ಮಾರಿ.

ನಮ್ಮ ಮನೆಯಲ್ಲಿ ಈಗ ರಾತ್ರಿ ಊಟ ಆದ ಮೇಲೆ ಯಾರಾದರೂ ಒಬ್ಬರು ಕೊಟ್ಟಿಗೆಗೆ ಹೋಗಿ ಬರುತ್ತೇವೆ. ಟಾರ್ಚ್ ಹಾಕದೆ, ಕೈಯಲ್ಲೇ ಒಂದೊಂದು ಗಂಟು ಮುಟ್ಟಿಕೊಂಡು, ಮೂಗುದಾರ ಸವೆದಿದೆಯಾ ಅಂತ ಬೆರಳಲ್ಲಿ ನೋಡಿಕೊಂಡು. ಬಾಗಿಲ ಹಿಂದಿನ ಮೊಳೆಗೆ ಒಂದು ಹೊಸ ಹಗ್ಗ ಯಾವಾಗಲೂ ನೇತಾಡುತ್ತದೆ, ಪಕ್ಕದ ಗೋಡೆ ಮೇಲೆ ಇದ್ದಿಲಲ್ಲಿ 1962 ಅಂತ ದೊಡ್ಡದಾಗಿ ಬರೆದಿದೆ.